ಕರಾವಳಿಯಲ್ಲಿ ಕುದುರೆ ಸವಾರಿ ಕಲಿಯಬೇಕೆ? ಮಧ್ಯಾಹ್ನ ಎರಡಕ್ಕೆ ಲಾಯಕ್ಕೆ ಹೋಗಿ

ಮಗಳಿಗೆ ಒಂಬತ್ತು ವರ್ಷ ಆಗಿದ್ದಾಗ ಬೀಚಿನಲ್ಲಿ ಕುದುರೆ ಹತ್ತಿಸಿದೆ. ಎರಡು ಸುತ್ತು, ಒಂದು ಫೋಟೋ, ಅಷ್ಟೇ. ಇಳಿದವಳು ಮನೆ ಮುಟ್ಟುವ ತನಕ ಅದೊಂದೇ ಮಾತು: “ಅಪ್ಪ, ನನ್ನನ್ನು ಕ್ಲಾಸಿಗೆ ಸೇರಿಸು.” ಅಲ್ಲಿಂದ ಶುರುವಾಯಿತು ನನ್ನ ಓಡಾಟ. ಮಂಗಳೂರು, ಉಡುಪಿ ಸುತ್ತಮುತ್ತ ವಿಚಾರಿಸಿದೆ. ಗೋವಾಕ್ಕೆ ಹೋದಾಗ ಅಲ್ಲೂ ಎರಡು ಕಡೆ ಇಣುಕಿದೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಸವಾರಿ ಮಾಡಿದ ಭಾವನ ತಲೆ ತಿಂದೆ. ಒಂದು ಕಡೆ ಸೇರಿಸಿ ಕೈ ಸುಟ್ಟುಕೊಂಡೆ. ಅದನ್ನು ಮುಂದೆ ಹೇಳುತ್ತೇನೆ.

ಈ ವಿಷಯದಲ್ಲಿ ಸಿಗುವ ಸಲಹೆಗಳು ಹೆಚ್ಚಾಗಿ ತಂಪು ದೇಶಗಳವು, ಇಲ್ಲಾಂದ್ರೆ ಬೆಂಗಳೂರಿನವು. ಬೆಂಗಳೂರಿನಲ್ಲಿ ರೇಸ್‌ಕೋರ್ಸ್ ಇದೆ, ಕುದುರೆ ಡಾಕ್ಟರು ಸಿಗುತ್ತಾರೆ, ಲಾಳ ಕಟ್ಟುವವರು ಸಿಗುತ್ತಾರೆ, ಹವೆಯೂ ಹಿತ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇವೆಂಟಿಂಗ್ ಎಂಬ ಕುದುರೆ ಸವಾರಿ ಸ್ಪರ್ಧೆಯಲ್ಲಿ 23ನೇ ಸ್ಥಾನ ಪಡೆದ ಫವಾದ್ ಮಿರ್ಜಾ ಅದೇ ಊರಿನವರು. ನಮ್ಮ ಕಡಲ ಬದಿಯ ಕಥೆ ಬೇರೆ. ಇಲ್ಲಿ ಬೆವರು ಆರುವುದಿಲ್ಲ. ಚರ್ಮಕ್ಕೆ ಬೂಷ್ಟು, ಕಬ್ಬಿಣಕ್ಕೆ ತುಕ್ಕು. ಒಳ್ಳೆಯ ಒಣಹುಲ್ಲು ಬೇಕಾದರೆ ಹೆಚ್ಚಾಗಿ ಘಟ್ಟದ ಮೇಲಿನಿಂದ ತರಿಸಬೇಕು. ಜೂನ್ ಬಂತೆಂದರೆ ನಾಲ್ಕು ತಿಂಗಳು ಮಳೆ. ಹಾಗಾಗಿ ಶಾಲೆ ನೋಡುವ ಕ್ರಮವೂ ಬೇರೆ ಇರಬೇಕು.

ಮೊದಲು: ನಿಮಗೆ ಬೇಕಾದದ್ದು ಯಾವುದು?

ಬೀಚಿನಲ್ಲಿ ಹಗ್ಗ ಹಿಡಿದು ಸುತ್ತಾಡಿಸುವುದು ಒಂದು. ವಾರಕ್ಕೆ ಎರಡು ದಿನ ಕ್ಲಾಸಿಗೆ ಹೋಗಿ ಸವಾರಿ ಕಲಿಯುವುದು ಇನ್ನೊಂದು. ಸ್ಪರ್ಧೆಗೆ ಇಳಿಯುವುದು ಮೂರನೆಯದು. ಬೀಚಿನ ಸುತ್ತಾಟ ಎಷ್ಟು ಸಲ ಮಾಡಿದರೂ ಸವಾರಿ ಬರುವುದಿಲ್ಲ, ಯಾಕೆಂದರೆ ಅಲ್ಲಿ ಕುದುರೆ ಕೇಳುವುದು ಹಗ್ಗ ಹಿಡಿದವನ ಮಾತನ್ನು. ಸ್ಪರ್ಧೆಯ ಆಸೆ ಇದ್ದರೆ ಒಂದಲ್ಲ ಒಂದು ದಿನ ಬೆಂಗಳೂರಿನ ಕಡೆ ಮುಖ ಮಾಡಬೇಕಾದೀತು ಎಂದು ಈಗಲೇ ತಿಳಿದಿರಿ. ಈ ಬರಹ ನಡುವಿನ ಗುಂಪಿಗೆ.

ಎಷ್ಟು ವಯಸ್ಸಿಗೆ? ಐದು ವರ್ಷದ ಮಗು ಸಣ್ಣ ಪೋನಿಯ ಮೇಲೆ ಕೂತು ಖುಷಿಪಡಬಹುದು. ಕಲಿಯುವುದು ಅಂತ ಆಗುವುದು ಏಳೆಂಟರ ಮೇಲೆ, ಕಾಲು ಜೀನಿನ ಕೆಳಗೆ ಇಳಿದು ಕುದುರೆಯ ಹೊಟ್ಟೆಗೆ ತಾಗುವಾಗ. ದೊಡ್ಡವರು ತೂಕ ನೋಡಿಕೊಳ್ಳಬೇಕು. ಸವಾರ, ಜೀನು ಎರಡೂ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದು ಎಂಬುದು ರೂಢಿಯ ಲೆಕ್ಕ. 400 ಕೆ.ಜಿ. ಕುದುರೆಗೆ 80 ಕೆ.ಜಿ. ನಮ್ಮ ಸೆಕೆಗೆ ಅದಕ್ಕಿಂತ ಕಡಿಮೆ ಇದ್ದರೇ ಒಳ್ಳೆಯದು. “ನಿಮ್ಮ ತೂಕ ಎಷ್ಟು?” ಎಂದು ಮುಲಾಜಿಲ್ಲದೆ ಕೇಳುವ ಶಾಲೆ ಸಿಕ್ಕರೆ ಬೇಜಾರು ಮಾಡಿಕೊಳ್ಳಬೇಡಿ. ಅದು ಒಳ್ಳೆಯ ಲಕ್ಷಣ.

ಮಧ್ಯಾಹ್ನದ ಭೇಟಿ

ಎಲ್ಲ ಶಾಲೆಯೂ ಬೆಳಿಗ್ಗೆ ಆರೂವರೆಗೆ ಚೆನ್ನಾಗಿಯೇ ಕಾಣುತ್ತದೆ. ನೆಲ ಗುಡಿಸಿರುತ್ತಾರೆ, ಕುದುರೆಯ ಮೈ ಉಜ್ಜಿರುತ್ತಾರೆ, ಬಿಸಿಲು ಏರಿರುವುದಿಲ್ಲ. ನೀವು ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಏಪ್ರಿಲ್, ಮೇ ಆದರೆ ಇನ್ನೂ ಒಳ್ಳೆಯದು. “ಈ ಕಡೆ ಬಂದಿದ್ದೆ, ಸುಮ್ನೆ ನೋಡಿ ಹೋಗೋಣ ಅಂತ” ಎಂದರೆ ಸಾಕು. ಲಾಯ ತೋರಿಸಲು ಹಿಂದೆ ಮುಂದೆ ನೋಡಿದರೆ ಮುಂದಿನ ಶಾಲೆಗೆ ನಡೆಯಿರಿ.

ಮೊದಲು ತಲೆ ಎತ್ತಿ ಮಾಡು ನೋಡಿ. ತಗ್ಗಿನ ತಗಡು ಶೀಟು ಹೊದಿಸಿದ್ದರೆ ಒಳಗೆ ಒಲೆ ಇದ್ದ ಹಾಗೆ. ಎತ್ತರದ ಮಾಡು, ಹೆಂಚು, ನಾಲ್ಕೂ ಕಡೆ ಗಾಳಿ, ಮೇಲೊಂದು ಫ್ಯಾನು ಇದ್ದರೆ ಯಜಮಾನರಿಗೆ ಊರಿನ ಹವೆ ಅರ್ಥವಾಗಿದೆ ಎಂದೇ ಲೆಕ್ಕ.

ಆಮೇಲೆ ನೀರು. ಸುಮ್ಮನೆ ನಿಂತ ಕುದುರೆಗೇ ದಿನಕ್ಕೆ 25-30 ಲೀಟರ್ ಬೇಕು. ಸೆಕೆಯಲ್ಲಿ ಕೆಲಸ ಮಾಡಿದರೆ ಅದರ ಎರಡು ಪಟ್ಟು. ಬಕೆಟಿನ ಅಡಿಯಲ್ಲಿ ಪಾಚಿ, ಮೇಲೆ ಸೊಳ್ಳೆಮರಿ ಕಂಡರೆ ಅದೇ ಉತ್ತರ. ಕಡಲಿಗೆ ಹತ್ತಿರ ಇರುವ ಶಾಲೆಯಾದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆಯಾ? ನಮ್ಮಲ್ಲಿ ಎಷ್ಟೋ ಬಾವಿಗಳ ಪಾಡು ಅದೇ ಅಲ್ವಾ? ನೀರಿನ ರುಚಿ ಕೆಟ್ಟರೆ ಕುದುರೆ ಕುಡಿಯುವುದನ್ನು ಕಡಿಮೆ ಮಾಡುತ್ತದೆ. ಕುಡಿಯದಿದ್ದರೆ ಹೊಟ್ಟೆ ಕಟ್ಟುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಯಲ್ಲಿ ಏನು ಎಡವಟ್ಟಾದರೂ ಅದು ಒಳಗೇ ಉಳಿಯಬೇಕು, ಇಲ್ಲವೇ ಹಿಂದಿನಿಂದ ಹೋಗಬೇಕು. ಕಾಲಿಕ್ ಎಂಬ ಹೊಟ್ಟೆನೋವಿಗೆ ಕುದುರೆಯವರು ಅಷ್ಟು ಹೆದರುವುದು ಅದಕ್ಕೇ.

ಈಗ ನೆರಳಿನಲ್ಲಿ ನಿಂತ ಕುದುರೆಯ ಪಕ್ಕೆ ನೋಡುತ್ತಾ ಉಸಿರು ಎಣಿಸಿ. ವಿಶ್ರಾಂತಿಯಲ್ಲಿರುವ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಸೆಕೆಗೆ ಸ್ವಲ್ಪ ಏರಿದರೆ ಚಿಂತೆಯಿಲ್ಲ. ಸುಮ್ಮನೆ ನಿಂತಲ್ಲೇ ಮೂಗಿನ ಹೊಳ್ಳೆ ಅಗಲಿಸಿ ಏದುತ್ತಿದ್ದು ಮೈ ಮಾತ್ರ ಒಣಗಿದ್ದರೆ ಅದು ಬೆವರುವುದನ್ನೇ ನಿಲ್ಲಿಸಿದ ಕುದುರೆ ಇರಬಹುದು. ಸೆಕೆ, ತೇವ ಎರಡೂ ಇರುವ ಊರುಗಳಲ್ಲಿ ಕೆಲವು ಕುದುರೆಗಳಿಗೆ ಹೀಗಾಗುತ್ತದೆ. ಅಂಥದ್ದನ್ನು ಕ್ಲಾಸಿಗೆ ಬಳಸುವ ಜಾಗದಲ್ಲಿ ನಿಲ್ಲಬೇಡಿ.

ಭಾವ ಕಲಿಸಿದ ಒಂದು ಲೆಕ್ಕ ಇದೆ. ಉಷ್ಣಾಂಶವನ್ನು ಫ್ಯಾರನ್‌ಹೀಟ್‌ನಲ್ಲಿ ತೆಗೆದುಕೊಳ್ಳಿ, ಅದಕ್ಕೆ ಗಾಳಿಯ ತೇವಾಂಶದ ಶೇಕಡಾ ಕೂಡಿಸಿ. 130ರ ಒಳಗೆ ಬಂದರೆ ಕುದುರೆ ಆರಾಮ. 150 ದಾಟಿದರೆ, ಅದರಲ್ಲೂ ತೇವಾಂಶ ಜಾಸ್ತಿ ಇದ್ದರೆ, ಮೈ ತಂಪು ಮಾಡಿಕೊಳ್ಳಲು ಅದು ಒದ್ದಾಡುತ್ತದೆ. 180 ದಾಟಿದರೆ ಸವಾರಿಯೇ ಬೇಡ. ನಮ್ಮೂರಿನಲ್ಲಿ ಇದನ್ನು ಹಾಕಿ ನೋಡಿ. ಮಧ್ಯಾಹ್ನ 33 ಡಿಗ್ರಿ ಎಂದರೆ 91 ಫ್ಯಾರನ್‌ಹೀಟ್, ತೇವಾಂಶ 70, ಒಟ್ಟು 161. ಬೆಳಗಿನ ಜಾವ 25 ಡಿಗ್ರಿ, ಅಂದರೆ 77, ತೇವಾಂಶ 90, ಒಟ್ಟು 167! ತಂಪು ಅಂದುಕೊಂಡ ಹೊತ್ತಿನಲ್ಲೂ ಲೆಕ್ಕ ಇಳಿಯುವುದಿಲ್ಲ. ಬೆಳಿಗ್ಗೆ ತಲೆ ಮೇಲೆ ಬಿಸಿಲು ಇರುವುದಿಲ್ಲ ಎಂಬುದೊಂದೇ ಲಾಭ. ಆದ್ದರಿಂದ ಇಲ್ಲಿ ಕ್ಲಾಸು ಅರ್ಧ ಗಂಟೆ, ಮುಕ್ಕಾಲು ಗಂಟೆ ಇದ್ದರೆ ಸಾಕು. ನಡುನಡುವೆ ನಡಿಗೆ ಇರಬೇಕು. ಮುಗಿದ ಮೇಲೆ ಮೈಗೆ ನೀರು ಹೊಡೆಯಬೇಕು. ಸೆಕೆಗಾಲದಲ್ಲಿ ಹತ್ತು ಗಂಟೆಯ ಬಿಸಿಲಲ್ಲಿ “ಫುಲ್ ಒಂದು ಗಂಟೆ ಕೊಡ್ತೇವೆ” ಎಂದು ಹೇಳುವವರು ಕುದುರೆಯ ಲೆಕ್ಕ ಇಟ್ಟಿಲ್ಲ.

ಕುದುರೆ ಈ ಕಡಲಿಗೆ ಹೊಸತೇನೂ ಅಲ್ಲ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದದ್ದೇ ಭಟ್ಕಳದಂಥ ಬಂದರುಗಳಲ್ಲಿ. ಆದರೆ ಇಳಿದವು ಘಟ್ಟ ಹತ್ತಿ ಹೋಗುತ್ತಿದ್ದವು. ಕರಾವಳಿ ಅವುಗಳಿಗೆ ಬಂದರಾಗಿತ್ತು, ಲಾಯವಾಗಿರಲಿಲ್ಲ.

ಕುದುರೆಯನ್ನು ಹತ್ತಿರದಿಂದ

“ಕುದುರೆ ಕಂಡರೆ ಕಾಲುನೋವು” ಎಂಬ ಗಾದೆ ಇದೆಯಲ್ಲ, ಇಲ್ಲಿ ಕಾಲುನೋವು ನಿಮಗಲ್ಲ, ಕುದುರೆಗೆ. ಸೈಸ್‌ಗೆ, ಅಂದರೆ ಕುದುರೆ ನೋಡಿಕೊಳ್ಳುವವರಿಗೆ, ಒಂದು ಕಾಲು ಎತ್ತಿ ತೋರಿಸಲು ಹೇಳಿ. ಗೊರಸಿನ ಅಡಿಯಲ್ಲಿ ಮೆತ್ತಗಿನ ತ್ರಿಕೋನದ ಭಾಗ ಕಾಣುತ್ತದೆ. ಅದರ ಪಕ್ಕದ ಸೀಳಿನಲ್ಲಿ ಕಪ್ಪು ಅಂಟು, ಕೊಳೆತ ವಾಸನೆ ಇದ್ದರೆ ಲಾಯದ ನೆಲ ಒಣಗುತ್ತಿಲ್ಲ. ಮಳೆಗಾಲದ ಮಾಮೂಲಿ ರೋಗ ಇದು. ಬೇಸಿಗೆಯಲ್ಲೂ ಇದ್ದರೆ ಸೋಮಾರಿತನ. ಲಾಳ ಕಟ್ಟಿಸಿ ಎಷ್ಟು ದಿನ ಆಯಿತು ಎಂದು ಕೇಳಿ. ಆರರಿಂದ ಎಂಟು ವಾರಕ್ಕೊಮ್ಮೆ ಆಗಬೇಕು. ಕರಾವಳಿಯಲ್ಲಿ ಲಾಳ ಕಟ್ಟುವವರು ಅಪರೂಪ. ಯಾರು, ಎಲ್ಲಿಂದ, ಯಾವಾಗ ಬರುತ್ತಾರೆ ಎಂದು ಥಟ್ಟನೆ ಹೇಳಿದರೆ ಆ ಶಾಲೆಗೆ ಒಂದು ಅಂಕ ಜಾಸ್ತಿ ಕೊಡಿ.

ಪಕ್ಕೆಲುಬು ಕೈಗೆ ತಾಗಬೇಕು, ದೂರದಿಂದ ಕಣ್ಣಿಗೆ ಕಾಣಬಾರದು. ಬಾಯಿಯ ಮೂಲೆ, ಬೆನ್ನಿನ ದಿಬ್ಬ, ಮುಂಗಾಲಿನ ಹಿಂದೆ ಜೀನು ಬಿಗಿಯುವ ಹೊಟ್ಟೆಪಟ್ಟಿ ಬರುವ ಜಾಗ, ಈ ಮೂರು ಕಡೆ ಗಾಯ ಇದೆಯಾ ನೋಡಿ. ಕಂದು ಕುದುರೆಯ ಬೆನ್ನಿನ ದಿಬ್ಬದ ಮೇಲೆ ಬಿಳಿ ಕೂದಲಿನ ಮಚ್ಚೆ ಕಂಡರೆ ಎಂದೋ ಜೀನು ಒತ್ತಿ ಹುಣ್ಣಾಗಿ ಮಾಗಿದ ಗುರುತು. ಅದು ಹಳೆಯ ಯಜಮಾನನ ಪಾಪವೂ ಇರಬಹುದು, ಕೇಳಿ ತಿಳಿದುಕೊಳ್ಳಿ. ನೀವು ಹತ್ತಿರ ಹೋದಾಗ ಕಿವಿ ಮುಂದೆ ಮಾಡಿ ಮೂಸಿದರೆ ಸರಿ. ಒಂದಲ್ಲ, ಎಲ್ಲ ಕುದುರೆಯೂ ಕಿವಿ ಹಿಂದೆ ಮಲಗಿಸಿ ಗೋಡೆ ಕಡೆ ತಿರುಗಿದರೆ ಅವು ಮನುಷ್ಯರಿಂದ ಬೇಸತ್ತಿವೆ.

ಕಡಲ ಬದಿಗೆ ವಿಶೇಷವಾದ ಇನ್ನೊಂದು ತಾಪತ್ರಯ ಮರಳು. ಹುಲ್ಲನ್ನು ಮರಳಿನ ಮೇಲೆ ಎಸೆದರೆ ಕುದುರೆ ಹುಲ್ಲಿನ ಜೊತೆ ಮರಳನ್ನೂ ತಿನ್ನುತ್ತದೆ. ಅದು ಕರುಳಿನಲ್ಲಿ ತಂಗುತ್ತದೆ. ಪರೀಕ್ಷೆ ಸುಲಭ: ಎರಡು ಮೂರು ಲದ್ದಿಯುಂಡೆಯನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನೀರು ತುಂಬಿ ಕದಡಿ, ಹದಿನೈದು ನಿಮಿಷ ನೇತುಹಾಕಿದರೆ ಮರಳು ಅಡಿಗೆ ಇಳಿಯುತ್ತದೆ. ನೀವು ಹೋಗಿ ಲದ್ದಿ ಕದಡಬೇಕಿಲ್ಲ ಬಿಡಿ. “ಮರಳಿನ ಪರೀಕ್ಷೆ ಮಾಡ್ತೀರಾ?” ಎಂದು ಕೇಳಿದರೆ ಸಾಕು. ಗೊತ್ತಿದ್ದವರ ಮುಖ ಅರಳುತ್ತದೆ. ಹುಲ್ಲನ್ನು ತೊಟ್ಟಿಯಲ್ಲೋ ರಬ್ಬರ್ ಮ್ಯಾಟಿನ ಮೇಲೋ ಹಾಕುತ್ತಾರಾ ಅಂತ ನೀವೇ ನೋಡಬಹುದು.

ಹುಲ್ಲಿನ ಕೋಣೆಗೂ ಒಮ್ಮೆ ಹೋಗಿ. ಕಟ್ಟುಗಳು ನೆಲದಿಂದ ಮೇಲೆ, ಹಲಗೆಯ ಮೇಲೆ ಇರಬೇಕು. ಒಂದು ಹಿಡಿ ತೆಗೆದು ಮೂಸಿ. ಬೂಷ್ಟಿನ ವಾಸನೆ ಬಂದರೆ, ಕೊಡವಿದಾಗ ಹೊಗೆಯಂಥ ಧೂಳು ಎದ್ದರೆ, ಅದು ಕುದುರೆಗೆ ಕೆಮ್ಮು, ಹೊಟ್ಟೆನೋವು ಎರಡನ್ನೂ ತರುತ್ತದೆ. ಸುತ್ತಮುತ್ತ ಸುಲಭವಾಗಿ ಸಿಗುವುದು ಬೈಹುಲ್ಲು. ಹೊಟ್ಟೆ ತುಂಬಿಸಲು ಸ್ವಲ್ಪ ಹಾಕಿದರೆ ತಪ್ಪಿಲ್ಲ, ಅದೇ ಮುಖ್ಯ ಊಟವಾದರೆ ಸಾಲದು. 400 ಕೆ.ಜಿ. ಕುದುರೆಗೆ ದಿನಕ್ಕೆ ಕಡಿಮೆ ಎಂದರೂ ಆರು ಕೆ.ಜಿ. ಒಳ್ಳೆಯ ಒಣಹುಲ್ಲು ಬೇಕು. ಹುರುಳಿ, ಬೂಸಾ, ಓಟ್ಸ್ ಎಲ್ಲ ಅದರ ಮೇಲಿನದು. ನೆಕ್ಕಲು ಉಪ್ಪಿನ ಗಟ್ಟಿ ಇರಬೇಕು, ಬೆವರಿನಲ್ಲಿ ಅಷ್ಟು ಉಪ್ಪು ಹೋಗುತ್ತದೆ.

ಕೊನೆಗೆ ಸೈಸ್ ಜೊತೆ ಐದು ನಿಮಿಷ ಮಾತಾಡಿ, ಯಜಮಾನರು ಪಕ್ಕದಲ್ಲಿ ಇಲ್ಲದಾಗ. ನಾನು ಕೇಳಿದ್ದು ಇಷ್ಟೇ: “ಅಣ್ಣ, ಇದು ನಿನ್ನೆ ಎಷ್ಟು ಕ್ಲಾಸ್ ಮಾಡ್ತು?”

“ನಾಲ್ಕು ಸಾರ್. ಭಾನುವಾರ ಆದ್ರೆ ಏಳು.”

ಏಳು! ಆಫೀಸಿನ ಗೋಡೆಯಲ್ಲಿ “ದಿನಕ್ಕೆ ಮೂರೇ ಕ್ಲಾಸ್” ಎಂದು ಚೆಂದದ ಬೋರ್ಡು ತೂಗುತ್ತಿತ್ತು. ನನ್ನ ಪ್ರಕಾರ ಈ ಹವೆಯಲ್ಲಿ ದಿನಕ್ಕೆ ಎರಡು ಮೂರು ಗಂಟೆ ಮಿತಿ. ವಾರಕ್ಕೊಂದು ಪೂರ್ತಿ ರಜೆ.

ಸಾಮಾನು: ನಾನು ಎಡವಿದ್ದು ಇಲ್ಲೇ

ಮೊದಲು ಸೇರಿಸಿದ ಶಾಲೆಯಲ್ಲಿ ಕುದುರೆಗಳು ಚೆನ್ನಾಗಿದ್ದವು, ಮೇಷ್ಟ್ರೂ ಒಳ್ಳೆಯವರು. ಜೀನು ಕಡೆ ನಾನು ನೋಡಲೇ ಇಲ್ಲ. ಮೂರನೇ ಕ್ಲಾಸು. ಕುದುರೆ ಟ್ರಾಟ್‌ಗೆ, ಅಂದರೆ ಕುಲುಕು ಓಟಕ್ಕೆ, ಬಂದು ಎರಡು ಸುತ್ತು ಆಗಿತ್ತು. ಇದ್ದಕ್ಕಿದ್ದಂತೆ ಜೀನು ಎಡಕ್ಕೆ ವಾಲಿತು, ಅದರ ಜೊತೆ ಮಗಳೂ. ಪುಣ್ಯಕ್ಕೆ ಕೆಳಗೆ ಮರಳು, ಕುದುರೆಯೂ ಸಾಧು, ನಿಂತುಬಿಟ್ಟಿತು. ಮೊಣಕೈ ತರಚಿತು ಅಷ್ಟೇ. ಆಮೇಲೆ ನೋಡಿದರೆ ಹೊಟ್ಟೆಪಟ್ಟಿಯನ್ನು ಜೀನಿಗೆ ಹಿಡಿದಿಡುವ ಚರ್ಮದ ಬಾರಿನ ಹೊಲಿಗೆ ಬಿಟ್ಟಿತ್ತು. ನೂಲು ಕಪ್ಪಾಗಿ, ಉಗುರಿನಿಂದ ಕೆರೆದರೆ ಪುಡಿಯಾಗುತ್ತಿತ್ತು. ಬೆವರಿನ ಉಪ್ಪು, ಗಾಳಿಯ ಉಪ್ಪು, ಮಳೆಗಾಲದ ತೇವ ಮೂರೂ ಸೇರಿ ಅದನ್ನು ತಿಂದು ಹಾಕಿದ್ದವು. “ಇದೆಲ್ಲ ಆಗ್ತದೆ ಸಾರ್” ಅಂದರು ಶಾಲೆಯವರು. ಆಗುತ್ತದೆ, ನೋಡದೆ ಇದ್ದರೆ.

ಆದ್ದರಿಂದ ಜೀನಿನ ಪಕ್ಕದ ಮಡಿಕೆ ಎತ್ತಿ. ಕೆಳಗಿರುವ ಬಾರುಗಳನ್ನು ಒಂದೊಂದಾಗಿ ಎಳೆದು, ಬಗ್ಗಿಸಿ ನೋಡಿ. ಬಿರುಕು ಬಿಟ್ಟಿದೆಯಾ? ತೂತುಗಳು ಉದ್ದಕ್ಕೆ ಹಿಗ್ಗಿವೆಯಾ? ಬಕಲ್ಲಿನ ನಾಲಿಗೆ ತುಕ್ಕು ತಿಂದಿದೆಯಾ? ಕಾಲಿಡುವ ರಿಕಾಪಿನ ಬಾರಿಗೂ ಇದೇ ಪರೀಕ್ಷೆ. ಮೇಲೆ ಸ್ವಲ್ಪ ಹಸಿರು ಬೂಷ್ಟು ಕಂಡರೆ ಗಾಬರಿ ಬೇಡ, ನಮ್ಮ ಮನೆಯ ಬೆಲ್ಟಿಗೂ ಜುಲೈಯಲ್ಲಿ ಅದು ಬರುತ್ತದೆ. ಒರೆಸಿ ಎಣ್ಣೆ ಹಾಕುವ ರೂಢಿ ಇದೆಯಾ ಎಂಬುದು ಪ್ರಶ್ನೆ. ಚರ್ಮದ ಬದಲು ಸಿಂಥೆಟಿಕ್ ಜೀನು ಇಟ್ಟವರನ್ನು ಕಡಿಮೆ ಎಂದು ನೋಡಬೇಡಿ. ಈ ಊರಿಗೆ ಅದೇ ಬುದ್ಧಿವಂತಿಕೆ.

ಹೆಲ್ಮೆಟ್ ನಿಮ್ಮದೇ ಕೊಳ್ಳಿ. ಹತ್ತು ಮಕ್ಕಳ ಬೆವರು ಕುಡಿದ ಹೆಲ್ಮೆಟ್ ಈ ಸೆಕೆಯಲ್ಲಿ ಯಾರಿಗೆ ಬೇಕು? ಬೈಕ್, ಸೈಕಲ್ ಹೆಲ್ಮೆಟ್ ಆಗುವುದಿಲ್ಲ. ಒಳಗೆ ಎಎಸ್‌ಟಿಎಂ ಎಫ್1163 ಅಥವಾ ವಿಜಿ1 ಎಂಬ ಸವಾರಿ ಹೆಲ್ಮೆಟ್ಟಿನ ಸುರಕ್ಷತಾ ಗುರುತು ಇರಲಿ. ಒಮ್ಮೆ ಜೋರಾಗಿ ಬಿದ್ದ ಮೇಲೆ ಅದನ್ನು ಬದಲಿಸಲೇಬೇಕು, ಹೊರಗೆ ಏನೂ ಕಾಣದಿದ್ದರೂ. ಬೂಟಿಗೆ ಸಣ್ಣ ಹಿಮ್ಮಡಿ ಬೇಕು, ಕಾಲು ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳದಿರಲು. ಕ್ರಾಕ್ಸ್, ಸ್ಯಾಂಡಲ್‌ನಲ್ಲಿ ಹತ್ತಿಸುವ ಜಾಗ ಶಾಲೆಯೇ ಅಲ್ಲ.

ಕಲಿಸುವವರು

ದುಡ್ಡು ಕಟ್ಟುವ ಮೊದಲು ಒಂದು ಕ್ಲಾಸು ಕೂತು ನೋಡಿ. ಹೊಸಬರಿಗೆ ಮೊದಲ ಕೆಲವು ಪಾಠ ಉದ್ದ ಹಗ್ಗದಲ್ಲಿ ಆಗಬೇಕು. ಮೇಷ್ಟ್ರು ನಡುವೆ ನಿಂತು ಹಗ್ಗ ಹಿಡಿದಿರುತ್ತಾರೆ, ಕುದುರೆ ಸುತ್ತ ತಿರುಗುತ್ತದೆ, ಮಗು ಕೂರುವುದನ್ನು ಮಾತ್ರ ಕಲಿಯುತ್ತದೆ. ಟ್ರಾಟ್‌ನಲ್ಲಿ ಕುದುರೆಯ ತಾಳಕ್ಕೆ ಎದ್ದು ಕೂರುವುದು ಹಿಡಿತಕ್ಕೆ ಬರುವ ಮೊದಲೇ ಓಡಿಸಿ ಖುಷಿಪಡಿಸುವವರು ಹೆತ್ತವರ ವಿಡಿಯೋಗೆ ಕಲಿಸುತ್ತಿದ್ದಾರೆ. ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಹೊಸಬರು ಬೇಡ. ಕ್ಲಾಸಿನುದ್ದಕ್ಕೂ ಮೇಷ್ಟ್ರ ಫೋನು ಎಲ್ಲಿದೆ ನೋಡಿ.

ನಮ್ಮ ದೇಶದ ಶಾಲೆಗಳಲ್ಲಿ ಎಷ್ಟೋ ಕುದುರೆಗಳು ರೇಸಿನಿಂದ ನಿವೃತ್ತಿಯಾದ, ಓಟಕ್ಕೆಂದೇ ಬೆಳೆಸಿದ ಥರೋಬ್ರೆಡ್ ತಳಿಯವು. ಅದರಲ್ಲಿ ತಪ್ಪಿಲ್ಲ. ಆದರೆ ರೇಸಿನ ಕುದುರೆಗೆ ಲಗಾಮು ಬಿಗಿಯಾಯಿತೆಂದರೆ ಅದಕ್ಕೆ ಒರಗಿಕೊಂಡು ಓಡುವುದು ಅಭ್ಯಾಸ. ಹೆದರಿದ ಹೊಸಬ ಮಾಡುವುದೂ ಅದನ್ನೇ, ಲಗಾಮು ಜಗ್ಗುವುದು. ಇಬ್ಬರೂ ಸೇರಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. “ಇದಕ್ಕೆ ಮರುತರಬೇತಿ ಆಗಿ ಎಷ್ಟು ಸಮಯ ಆಯ್ತು? ಇದರ ಮೇಲೆ ಮಕ್ಕಳು ಎಷ್ಟು ದಿನದಿಂದ ಕೂರ್ತಿದ್ದಾರೆ?” ಎಂದು ಕೇಳಿ. ಹೊಸಬರಿಗೆ ಹತ್ತು ವರ್ಷ ದಾಟಿದ, ಲೋಕ ನೋಡಿದ ಕುದುರೆಯೇ ಒಳ್ಳೆಯ ಗುರು.

ಕಾಗದಪತ್ರ, ಡಾಕ್ಟರು

ಇದು ಬೇಗ ಮುಗಿಯುತ್ತದೆ, ಬಿಡಬೇಡಿ. ಗ್ಲಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯರಿಗೂ ಬರುತ್ತದೆ. ಭಾರತದಲ್ಲಿ ಅದರ ಪರೀಕ್ಷೆಯ ಮುಖ್ಯ ಪ್ರಯೋಗಾಲಯ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ಪರೀಕ್ಷೆಯ ವರದಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಕುದುರೆಗೆ ಧನುರ್ವಾಯು ಲಸಿಕೆ ಆಗಿರಬೇಕು. ನಿಮಗೂ ಆಗಿರಬೇಕು, ಲಾಯದ ಮಣ್ಣಿನಲ್ಲಿ ಅದರ ರೋಗಾಣು ಇರುತ್ತದೆ. ರಾತ್ರಿ ಹೊಟ್ಟೆನೋವು ಬಂದರೆ ಯಾವ ಡಾಕ್ಟರನ್ನು ಕರೆಯುತ್ತಾರೆ, ಅವರು ಎಷ್ಟು ಹೊತ್ತಿನಲ್ಲಿ ಬರುತ್ತಾರೆ ಎಂದೂ ಕೇಳಿ. ಕರಾವಳಿಯಲ್ಲಿ ದನದ ಡಾಕ್ಟರು ಸುಲಭವಾಗಿ ಸಿಗುತ್ತಾರೆ, ಕುದುರೆ ನೋಡಿ ಪಳಗಿದವರು ಕಡಿಮೆ. ಮನುಷ್ಯರು ಬಿದ್ದರೆ ಹತ್ತಿರದ ಆಸ್ಪತ್ರೆ ಯಾವುದು ಎಂಬುದೂ ಶಾಲೆಯವರಿಗೆ ಗೊತ್ತಿರಬೇಕು.

ಮಳೆಗಾಲದ ಪ್ರಶ್ನೆ

“ಜೂನ್‌ನಿಂದ ಸೆಪ್ಟೆಂಬರ್ ತನಕ ಏನು ಮಾಡ್ತೀರಿ?” ಇದೊಂದು ಪ್ರಶ್ನೆಗೆ ಮೂರು ಥರದ ಉತ್ತರ ಬರುತ್ತದೆ. ಮಾಡು ಇರುವ ಮೈದಾನ ಇದೆ ಎಂದರೆ ಅದೃಷ್ಟ. ಮಳೆ ಬಿಟ್ಟಾಗ ನಡೆಸುತ್ತೇವೆ, ಉಳಿದ ದಿನ ಲಾಯದ ಕೆಲಸ ಕಲಿಸುತ್ತೇವೆ ಎಂದರೂ ಸರಿ. ಮಗಳು ಕಾಲು ಎತ್ತಿ ಗೊರಸು ಚೊಕ್ಕ ಮಾಡಲು ಕಲಿತದ್ದು ಅಂಥ ಒಂದು ಜುಲೈಯಲ್ಲೇ. “ಮಳೆಯಾ? ಏನೂ ತೊಂದರೆ ಇಲ್ಲ, ದಿನಾ ಇದೆ” ಎಂದರೆ ಮೈದಾನಕ್ಕೆ ಹೋಗಿ ನೆಲ ನೋಡಿ. ಮುರಕಲ್ಲಿನ ನೆಲ ಒಣಗಿದಾಗ ಕಾಂಕ್ರೀಟು, ನೆನೆದಾಗ ಸಾಬೂನು. ಕುದುರೆಯ ಕಾಲಿಗೂ ಬೀಳುವವರ ಎಲುಬಿಗೂ ಒಳ್ಳೆಯದಲ್ಲ. ನೀರು ಬಸಿದು ಹೋಗುವ ಮರಳಿನ ಹಾಸು, ಸುತ್ತ ಚರಂಡಿ ಇರಬೇಕು. ಗುಡುಗು ಸಿಡಿಲಿದ್ದರೆ ಕ್ಲಾಸು ರದ್ದು, ಅದರಲ್ಲಿ ಚೌಕಾಶಿ ಇಲ್ಲ.

ಫೀಸಿನ ವಿಷಯ ಇದಕ್ಕೇ ಅಂಟಿಕೊಂಡಿದೆ. ವರ್ಷದ ಪ್ಯಾಕೇಜಿಗೆ ರಿಯಾಯಿತಿ ಎಂದು ಆಸೆ ತೋರಿಸುತ್ತಾರೆ. ಅದರಲ್ಲಿ ನಾಲ್ಕು ತಿಂಗಳು ಮಳೆ ಎಂದು ಮರೆಯಬೇಡಿ. ಮೊದಲು ಹತ್ತು ಕ್ಲಾಸಿಗಷ್ಟೇ ಕಟ್ಟಿ. ಮಳೆಗೆ ರದ್ದಾದ ಕ್ಲಾಸು ಮುಂದಕ್ಕೆ ಹೋಗುತ್ತದೆ ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ. ಸೇರಲು ಒಳ್ಳೆಯ ಸಮಯ ನವೆಂಬರ್. ಫೆಬ್ರವರಿ ಮುಗಿಯುವುದರೊಳಗೆ ಒಂದು ಹಂತಕ್ಕೆ ಬಂದಿರುತ್ತೀರಿ.

ಇನ್ನು ಬೀಚ್ ಸವಾರಿ. ಎಲ್ಲರ ಮನಸ್ಸಿನಲ್ಲಿ ಇರುವುದು ಅದೇ ಅಲ್ವಾ, ಅಲೆ ಬದಿಯಲ್ಲಿ ಓಡುವ ಕುದುರೆ! ಮೈದಾನದಲ್ಲಿ ಕ್ಯಾಂಟರ್, ಅಂದರೆ ಟ್ರಾಟ್‌ಗಿಂತ ಜೋರಿನ ಓಟ, ಹಿಡಿತಕ್ಕೆ ಬಂದ ಮೇಲೆ ಹೋಗಿ, ಮೇಷ್ಟ್ರ ಜೊತೆಗೆ. ಇಳಿತದ ಹೊತ್ತು ನೋಡಿಕೊಂಡು, ಅಲೆ ತೋಯಿಸಿ ಹೋದ ಗಟ್ಟಿ ಮರಳಿನ ಮೇಲೆ. ಒಣ ಮರಳಿನಲ್ಲಿ ಗೊರಸು ಹೂತು ಕಾಲಿನ ಸ್ನಾಯುರಜ್ಜುವಿಗೆ ಪೆಟ್ಟಾಗಬಹುದು. ವಾಪಸ್ ಬಂದ ಮೇಲೆ ಕುದುರೆಯ ಹೊಟ್ಟೆ, ಕಾಲು, ಹೊಟ್ಟೆಪಟ್ಟಿ, ಬಕಲ್ಲು ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಬೇಕು. ಮೊದಲ ಸಲ ಹೋಗಿ ಬಂದ ದಿನ ಮಗಳು ಸುಸ್ತಾಗಿ ಕೂತಿದ್ದಳು. ಸೈಸ್ ಅಣ್ಣ ಪೈಪು ತಂದು ಅವಳ ಕೈಗೆ ಕೊಟ್ಟ. “ಕೂರೋದು ಆಮೇಲೆ ಪುಟ್ಟಿ, ಮೊದಲು ಇದರ ಉಪ್ಪು ತೆಗಿ.” ಅರ್ಧ ಗಂಟೆ ತೊಳೆದಳು. ಕುದುರೆಗಿಂತ ಜಾಸ್ತಿ ಅವಳೇ ಒದ್ದೆಯಾಗಿದ್ದಳು.